ಕುಂಕುಮ ಮೆತ್ತಿದ ಬೀಗದ ಕೈ

"ಬ್ಯಾಡ ಬುಡಕ್ಕ, ಹಳೇದನ್ನ ಯಾಕೆ ಕೆದಕ್ತೀರ? ಹೊಸ ಲಾಕ್ ಕೂರಿಸ್ತೀನಿ, ಇದನ್ನ ಗುಜರಿ ಡಬ್ಬಕ್ಕೆ ಹಾಕ್ತೀನಿ. ಕೆಲ್ಸ ಮುಗೀತು."

ನಾಗೇಶ ಅಂಬಾಸಿಡರ್ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ್ದ. ಮಾತು ಒಳಗಿನಿಂದ ಬರುತ್ತಿತ್ತು; ಕಾಲೆರಡು ಬಾಗಿಲಿನಿಂದಾಚೆ ತುಮಕೂರಿನ ಶಿರಾ ಗೇಟ್ ರಸ್ತೆಯ ಗದ್ದಲದ ಕಡೆಗೆ ಚಾಚಿಕೊಂಡಿದ್ದವು.

"ಮೊದ್ಲು ಬಿಚ್ಚು. ಎಲ್ಲಿಗೆ ಹಾಕ್ಬೇಕು ಅಂತ ಆಮೇಲೆ ನೋಡಣ," ಎಂದಳು ಪ್ರೇಮಲತಾ.

ಅಪಘಾತವಾದ ವಾಹನಗಳನ್ನು ನೋಡಿ, ವಿಮೆ ಕೇಳಿದವರು ಹೇಳುತ್ತಿರುವುದು ನಿಜವೋ ಸುಳ್ಳೋ ಎಂದು ವರದಿ ಕೊಡುವುದು ಅವಳ ಉದ್ಯೋಗ. ತುಮಕೂರಿನ ಯಾವ ಗ್ಯಾರೇಜಿಗೆ ಹೋದರೂ ಅವಳಿಗೊಂದು ಸ್ಟೂಲು, ಒಂದು ಲೋಟ ಟೀ ತಪ್ಪುತ್ತಿರಲಿಲ್ಲ. ಊರವರ ಕಾರುಗಳನ್ನೆಲ್ಲ ತಟ್ಟಿ ತಡವಿ ನೋಡಿದವಳು ಅಪ್ಪನ ಕಾರನ್ನು ಮಾತ್ರ ಏಳು ವರ್ಷ ಮುಟ್ಟಿರಲಿಲ್ಲ. ಪೊಲೀಸ್ ಠಾಣೆಯ ಅಂಗಳದಿಂದ ಅದು ಈಚೆಗೆ ಬಂದದ್ದೇ ಈ ವರ್ಷ.

ಆಯುಧಪೂಜೆ ಕಳೆದ ವಾರದಲ್ಲೇ ಅಪ್ಪ ಬೆಟ್ಟಸ್ವಾಮಿಯ ಕಾರು ತಮ್ಮೂರು ಕಡಬದ ಕೆರೆ ಏರಿಯಿಂದ ಉರುಳಿತ್ತು. ಮೂತಿ ಕೆಸರಿಗೆ ಹೂತು, ಸೀಟಿನ ಮಟ್ಟಕ್ಕೆ ನೀರು ನಿಂತಿತ್ತು. ಸ್ಟೇರಿಂಗಿಗೆ ಎದೆ ಬಡಿದು ಅಪ್ಪ ಸತ್ತಿದ್ದ. "ನಿದ್ದೆಗಣ್ಣಲ್ಲಿ ಓಡಿಸವ್ನೆ" ಎಂದಿತು ಊರು. ಪೊಲೀಸರೂ ಅದನ್ನೇ ಬರೆದುಕೊಂಡರು. ಕಾರನ್ನು ಮೊದಲು ಕಂಡವನು ಅಪ್ಪನ ತಮ್ಮ ರಾಮಾಂಜಿನಯ್ಯ. ತೋಟದ ಬದುವಿನ ಜಗಳಕ್ಕೆ ಅಣ್ಣನ ಜೊತೆ ಮಾತು ಬಿಟ್ಟಿದ್ದವನು. ಕೊಂದವನೂ ಅವನೇ ಎಂದು ಪ್ರೇಮಲತಾ ಅಂದೇ ತೀರ್ಮಾನಿಸಿದ್ದಳು. ಅಂದಿನಿಂದ ಸಿಟ್ಟನ್ನು ಹೆಪ್ಪು ಹಾಕಿದ ಹಾಲಿನ ಹಾಗೆ ಅಲುಗಿಸದೆ ಇಟ್ಟುಕೊಂಡಿದ್ದಳು.

ಅವಳದೊಂದು ಆಸೆಯಿತ್ತು. ಈ ಕಾರನ್ನು ತಾನೇ ಓಡಿಸಿಕೊಂಡು ಹೋಗಿ ಚಿಕ್ಕಪ್ಪನ ಅಂಗಳದಲ್ಲಿ ನಿಲ್ಲಿಸಿ, ಅಪ್ಪ ಹೊಡೆಯುತ್ತಿದ್ದ ಹಾಗೆ ಉದ್ದಕ್ಕೆ ಹಾರ್ನ್ ಹೊಡೆಯಬೇಕು. ಆಗ ಅವನ ಮುಖ ಹೇಗಾಗುತ್ತದೆಂದು ನೋಡಬೇಕು.

ಎಂಜಿನ್ ಕೆಲಸ ಮುಗಿದಿತ್ತು. ಬಾಗಿಲು, ಬಂಪರು ನೆಟ್ಟಗಾಗಿದ್ದವು. ಉಳಿದದ್ದು ಇಗ್ನಿಷನ್ ಲಾಕು. ಹಳೆಯದು ಯಾವ ಕೀಗೂ ಬಾಯಿ ಬಿಡುತ್ತಿರಲಿಲ್ಲ. ಅಂಥ ಲಾಕಿಗಾಗಿ ಕುಣಿಗಲ್ಲಿನ ಗುಜರಿಗಳನ್ನೆಲ್ಲ ಸುತ್ತಿ, ಕೊನೆಗೆ ಹುಲಿಯೂರುದುರ್ಗದ ಹಳೆಯ ಟ್ಯಾಕ್ಸಿಯವನೊಬ್ಬನ ಅಟ್ಟದ ಮೇಲೆ ಪೊಟ್ಟಣ ಬಿಚ್ಚದ ಒಂದು ಸಿಕ್ಕಿತ್ತು.

"ಬೀಗ ಒಡಿಯೋ ಗುತ್ತಿಗೆ ನಿಮ್ಮನೇಲಿ ನಂಗೇ ಬಂದೈತೆ ನೋಡಿ," ನಾಗೇಶ ಒಳಗಿನಿಂದಲೇ ನಕ್ಕ. "ನಿಮ್ಮವ್ವನ ಟ್ರಂಕಿನ ಬೀಗ ಕುಯ್ದೋನೂ ನಾನೇ ಅಲ್ವಾ?"

ಹೌದಲ್ಲ ಎಂದುಕೊಂಡಳು ಪ್ರೇಮಲತಾ. ಅಪ್ಪ ಹೋದ ಮೇಲೆ ಅವ್ವ ದೊಡ್ಡಗಂಗಮ್ಮ ಕಡಬ ಬಿಟ್ಟು ಮಗಳ ಮನೆಗೆ ಬಂದಾಗ ಜೊತೆಗೆ ಬಂದದ್ದು ಒಂದು ಟ್ರಂಕು. ಅದರ ಬೀಗದ ಕೈ ಎಲ್ಲೋ ಕಳೆದಿತ್ತು. ತಲೆ ಸೀಳಿದ್ದ ಆ ಕೀಗೆ ಅಪ್ಪ ಒಂದು ಕಾಲದಲ್ಲಿ ತಾಮ್ರದ ತಂತಿ ಸುತ್ತಿಕೊಟ್ಟಿದ್ದ. ಚಿಕ್ಕವಳಿದ್ದಾಗ ಪ್ರೇಮಲತಾ ಅವ್ವನ ಸೆರಗಿನ ತುದಿಯಿಂದ ಅದನ್ನು ಬಿಚ್ಚಿ, ಆ ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಚಪ್ಪಟೆ ಮಾಡಿ ಬೈಸಿಕೊಂಡಿದ್ದಳು.

"ಅಡ್ಡ ಮಾತು ಬುಡು. ನಟ್ಟು ಬಂತಾ?"

"ತುಕ್ಕು ಹಿಡಿದು ಕೂತವ್ನೆ ನನ್ಮಗ. ಒಸಿ ಸೀಮೆಣ್ಣೆ ಕುಡಿಸ್ದೆ. ಬತ್ತಾನೆ ತಡೀರಿ."

ಬ್ಯಾಟರಿ ವೈರು ಮೊದಲೇ ಕಳಚಿಟ್ಟಿದ್ದ. ಲಾಕಿನ ಬೆನ್ನಿಗಿದ್ದ ವೈರುಗಳಿಗೆ ಬಣ್ಣಬಣ್ಣದ ಟೇಪು ಸುತ್ತಿ ಗುರುತು ಮಾಡಿದ. ಕೊನೆಗೊಮ್ಮೆ ಕಿರ್ರೆಂದು ನಟ್ಟು ತಿರುಗಿತು. ಹೆಬ್ಬೆರಳು ಗಾತ್ರದ ಲಾಕು ಕೈಗೆ ಬಂತು. ಅವನು ಅದನ್ನು ತಿರುಗಿಸಿಯೂ ನೋಡದೆ ಗುಜರಿ ಡಬ್ಬಕ್ಕೆ ಎಸೆದ.

ಪ್ರೇಮಲತಾ ಎದ್ದು ಹೋಗಿ ಡಬ್ಬದೊಳಗೆ ಕೈ ಹಾಕಿ ತೆಗೆದಳು. ಬಿಸಿಲಿಗೆ ಹಿಡಿದಳು.

ಲಾಕು ಆಫ್ ಆಗಿರಲಿಲ್ಲ, ಆನ್ ಆಗಿಯೇ ನಿಂತಿತ್ತು. ಬಾಯೊಳಗೆ ಏನೋ ಮಿಣುಕಿತು.

"ನಾಗೇಶ, ಇದ್ರೊಳಗೆ ಕೀ ತುಂಡೈತೆ."

"ಇದ್ರೆ ಇರ್ಲಿ ಬುಡಕ್ಕ. ನೀರಿಗೆ ಬಿದ್ದ ಗಾಡಿ. ಏನೇನೋ ಸಿಕ್ಕೊಂಡಿರ್ತದೆ."

"ಇಕ್ಕಳ ಕೊಡು."

"ನಾನು ತೆಗೀತೀನಿ ಕೊಡಿ ಇಲ್ಲಿ..."

"ಕೊಡೋ ಇಕ್ಕಳಾನ."

ಮೊನಚು ಇಕ್ಕಳದ ತುದಿಯಲ್ಲಿ ಹಿಡಿದು, ಅತ್ತಿತ್ತ ಅಲುಗಿಸಿ, ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುವ ಹಾಗೆ ಎಳೆದಳು. ತುಂಡು ಅಂಗೈಗೆ ಬಿತ್ತು. ತಲೆ ಮುರಿದ ಕೀ. ಅದರ ಕಚ್ಚುಗಳಲ್ಲಿ ಕೆಂಪಗೆ, ಅಲ್ಲಲ್ಲಿ ಹಳದಿ ತಿರುಗಿ, ಅರಗಿನ ಹಾಗೆ ಗಟ್ಟಿಯಾದದ್ದೇನೋ ಮೆತ್ತಿಕೊಂಡಿತ್ತು. ತುಕ್ಕಲ್ಲ. ಉಗುರಿನಿಂದ ಕೆರೆದಳು. ಬೆರಳಿಗೆ ಅಂಟಿದ್ದನ್ನು ಮೂಗಿಗೆ ಹಿಡಿದಳು. ಹರಳೆಣ್ಣೆಯ ಜಿಡ್ಡು ಜಿಡ್ಡು ವಾಸನೆ.

ಕುಂಕುಮ.

ಅವಳ ಕೈ ತಾನಾಗಿ ಬ್ಯಾಗಿಗೆ ಹೋಯಿತು. ಒಳಜೇಬಿನಲ್ಲಿ ಅಪ್ಪನ ಕೀ ಇತ್ತು. ಅಪ್ಪ ಅದನ್ನು ಸೊಂಟದ ಉಡುದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ಆಸ್ಪತ್ರೆಯವರು ದಾರ ಕತ್ತರಿಸಿ ಪೇಪರಿನಲ್ಲಿ ಸುತ್ತಿ ಅವಳ ಕೈಗೇ ಕೊಟ್ಟಿದ್ದರು. "ಒಂದು ಕೀ ಸೊಂಟದಲ್ಲಿ, ಇನ್ನೊಂದು ಗಾಡಿಯಲ್ಲಿ, ನೀರಿಗೆ ಬಿದ್ದು ಹೋಗಿರುತ್ತೆ" ಎಂದಿದ್ದರು ಪೊಲೀಸರು. ಅವರ ಮಟ್ಟಿಗೆ ಅದು ಸರಿಯಾದ ಲೆಕ್ಕವೇ.

ಕೀಯನ್ನೂ ತುಂಡನ್ನೂ ಪಕ್ಕಪಕ್ಕ ಇಟ್ಟಳು. ಕಚ್ಚಿಗೆ ಕಚ್ಚು ಹೊಂದಿತು.

ಆ ಕಾರಿಗೆ ಇದ್ದದ್ದು ಎರಡೇ ಕೀ. ಒಂದು ಅಪ್ಪನ ಸೊಂಟದಲ್ಲಿ. ಇನ್ನೊಂದು ದೇವರ ಗಂಟಿನಲ್ಲಿ.

ಅವರ ಮನೆತನದ ಕಟ್ಟಳೆ ಅದು. ಮನೆಗೆ ಯಾವ ಯಂತ್ರ ಬಂದರೂ, ಪಂಪ್‌ಸೆಟ್ಟಾಗಲಿ ಟಿಲ್ಲರ್ ಆಗಲಿ, ಅದರದೊಂದು ಚೂರು ದೇವರಿಗೆ. ಕಾರು ಬಂದಾಗ ಎರಡನೆಯ ಕೀಯನ್ನೇ ಕೊಟ್ಟರು. ಹಳದಿ ಬಟ್ಟೆಯ ಗಂಟು ದೇವರ ಪೆಟ್ಟಿಗೆಯಲ್ಲಿರುತ್ತದೆ. ಆಯುಧಪೂಜೆಗೆ ಮಾತ್ರ ಬಿಚ್ಚಿ, ಹರಳೆಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ, ಮತ್ತೆ ಕಟ್ಟುತ್ತಾರೆ. ವರ್ಷ ವರ್ಷವೂ ಹಚ್ಚಿದ್ದು ಕಚ್ಚುಗಳಲ್ಲಿ ಕೂತು ಕಲ್ಲಾಗಿತ್ತು. ಅಂಥ ಕೀಯನ್ನು ಯಾರೋ ಲಾಕಿಗೆ ಒತ್ತಿ ತಿರುಗಿಸಿದ್ದಾರೆ. ಕಾರೇನೋ ಸ್ಟಾರ್ಟಾಗಿದೆ. ವಾಪಸು ತೆಗೆಯಲು ಹೋದಾಗ ಕೀ ಹೊರಳದೆ ಮುರಿದಿದೆ.

ಅಪ್ಪ ತಾನೇ ಕಾರು ಓಡಿಸಿದ್ದರೆ ಸೊಂಟದ ಕೀ ಬಿಟ್ಟು ದೇವರ ಕೀ ಯಾಕೆ ಹಾಕುತ್ತಿದ್ದ?

ದೇವರ ಪೆಟ್ಟಿಗೆ ಯುಗಾದಿಯಿಂದ ಯುಗಾದಿಗೆ ಅಣ್ಣತಮ್ಮಂದಿರ, ದಾಯಾದಿಗಳ ಮನೆಗಳಲ್ಲಿ ಸರದಿಯ ಮೇಲೆ ಇರುತ್ತಿತ್ತು. ಅಪ್ಪ ಸತ್ತ ವರ್ಷ ಯಾರ ಸರದಿ ಎಂದು ಅವಳು ಯೋಚಿಸಬೇಕಾಗಿಯೇ ಇರಲಿಲ್ಲ. ಚಿಕ್ಕಪ್ಪನದು.

"ಹೊಸ ಲಾಕ್ ಕೂರಿಸು. ಬೇಗ," ಎಂದಳು.

ನಾಗೇಶ ತುಂಡನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿದ. ಈ ಕಾರಿನಲ್ಲೇ ಸ್ಟೇರಿಂಗ್ ಹಿಡಿಯಲು ಕಲಿತವನು ಅವನು. ಗ್ಯಾರೇಜ್ ಹಾಕುವ ಮೊದಲು ಅಪ್ಪನ ಡ್ರೈವರ್ ಆಗಿದ್ದವನು. ಇಷ್ಟು ಹೊತ್ತು ವಟಗುಟ್ಟುತ್ತಿದ್ದವನು ಈಗ ತಲೆ ಎತ್ತದೆ ವೈರುಗಳನ್ನೇ ಜೋಡಿಸತೊಡಗಿದ. ಅವನಿಗೂ ಅಪ್ಪನ ನೆನಪಾಯಿತೇನೋ ಎಂದುಕೊಂಡಳು.

ಲಾಕು ಕೂತಿತು. ಬ್ಯಾಟರಿ ವೈರು ಕಚ್ಚಿಸಿದ. ಕೀ ತಿರುಗಿಸಿದರೆ ಅಂಬಾಸಿಡರ್ ಒಮ್ಮೆ ಕೆಮ್ಮಿ, ಮೈ ಕೊಡವಿಕೊಂಡು ಗುಡುಗಿತು.

"ಎರಡು ಕೀ ಬಂದವೆ ಅಕ್ಕ. ಒಂದು ನಿಮ್ ಕೈಗೆ, ಇನ್ನೊಂದು ಗಂಟಿಗೆ," ಎಂದ ನಾಗೇಶ, ನಗದೆ.

ಅವಳು ಒಂದನ್ನು ಕಿತ್ತುಕೊಂಡು ಸೀಟಿಗೆ ಕೂತಳು. ಇನ್ನೊಂದು ಅವನ ಕೈಯಲ್ಲೇ ಉಳಿಯಿತು.

ಹೊರಡುವ ಮುಂಚೆ ಮನೆಗೆ ಫೋನ್ ಮಾಡಿದಳು. ಕೀ ಸಿಕ್ಕಿದ್ದನ್ನು ಹೇಳಲಿಲ್ಲ. ಆ ಮಾತನ್ನು ಚಿಕ್ಕಪ್ಪನ ಮುಖದ ಮೇಲೆಯೇ ಮೊದಲು ಹೇಳಬೇಕೆಂದಿತ್ತು.

"ಅವ್ವ, ಕಾರು ತಗೊಂಡು ಕಡಬಕ್ಕೆ ಹೋಗ್ತಾ ಇದೀನಿ. ಚಿಕ್ಕಪ್ಪನ ಹತ್ರ ಮಾತೈತೆ."

ಆ ಕಡೆ ದೊಡ್ಡಗಂಗಮ್ಮ ನಿಟ್ಟುಸಿರು ಬಿಟ್ಟಳು. "ಸತ್ತೋನ ಕಾರು, ಗುಜರಿಗೆ ಹಾಕು ಅಂದ್ರೆ ಕೇಳ್ಲಿಲ್ಲ ನೀನು. ಹೋಗು. ಅವ್ನ ಮಾತ್ರ ಬುಡಬ್ಯಾಡ. ನನ್ನ ಕುಂಕುಮ ಅಳಿಸಿದೋನ ಮನೇಲಿ ದೀಪ ಉರೀಬಾರ್ದು. ಆ ಮನೆ ನೀರು ಕುಡೀಬ್ಯಾಡ ಕಣವ್ವ."

ಒಡಹುಟ್ಟಿದ ತಂಗಿಯ ಮನೆಯ ನೀರನ್ನು ಅವ್ವ ಅಂದಿನಿಂದ ಮುಟ್ಟಿರಲಿಲ್ಲ. ರಾಮಾಂಜಿನಯ್ಯನ ಹೆಂಡತಿ ಚಿಕ್ಕಗಂಗಮ್ಮ ಅವ್ವನ ಸ್ವಂತ ತಂಗಿ. ಅಕ್ಕತಂಗಿಯರು ಅಣ್ಣತಮ್ಮಂದಿರ ಮನೆ ಸೇರಿದ್ದರು.

ಗುಬ್ಬಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ತೆಂಗು ಮುಚ್ಚಿಕೊಂಡಿತು. ಹೊಲಗಳಲ್ಲಿ ರಾಗಿ ತೆನೆ ಕಟ್ಟಿತ್ತು. ಕಾರನ್ನು ಕಂಡ ಮುದುಕನೊಬ್ಬ ಸೈಕಲ್ಲಿನಿಂದ ಇಳಿದು ನಿಂತೇಬಿಟ್ಟ. ಕೆರೆ ಏರಿಯ ಮೇಲೆ ಬಂದಾಗ ಪ್ರೇಮಲತಾ ಬಲಕ್ಕೆ ನೋಡಲಿಲ್ಲ. ಕೆರೆ ತುಂಬಿತ್ತು. ನೀರಿನ ತಂಪು ಕಿಟಕಿಯಿಂದ ಬಂದು ಕೆನ್ನೆಗೆ ತಾಗಿತು.

ರಾಮಾಂಜಿನಯ್ಯ ಅಂಗಳದಲ್ಲಿ, ನೆಲಕ್ಕೆ ನೆಟ್ಟ ಸಲಾಕೆಗೆ ತೆಂಗಿನಕಾಯಿ ಚುಚ್ಚಿ ಸುಲಿಯುತ್ತಿದ್ದ. ಪ್ರೇಮಲತಾ ಕಾರನ್ನು ಅವನ ಬೆನ್ನ ಹಿಂದೆಯೇ ತಂದು ನಿಲ್ಲಿಸಿ ಹಾರ್ನ್ ಒತ್ತಿದಳು. ಒತ್ತಿಯೇ ಹಿಡಿದಳು.

ಕಾಯಿ ಅವನ ಕೈ ಜಾರಿ ಉರುಳಿತು. ತಿರುಗಿದ. ಮುಖ ಬೂದಿಯಾಯಿತು.

"ಅಣ್ಣಾ..." ಎಂದ.

ಅವಳು ಇಳಿದಳು.

"ಅಣ್ಣ ಅಲ್ಲ ಚಿಕ್ಕಪ್ಪ. ಅಣ್ಣನ ಮಗಳು."

"ಲತಾ?" ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಏಳು ವರ್ಷಕ್ಕೆ ದಾರಿ ಗೊತ್ತಾಯ್ತೇನವ್ವ?"

"ದಾರಿ ಗೊತ್ತಿತ್ತು. ಕೀ ಸಿಕ್ಕಿರ್ಲಿಲ್ಲ."

ಅಂಗೈ ಚಾಚಿದಳು. ಕರ್ಚೀಫಿನ ಮೇಲೆ ಆ ಕೆಂಪು ತುಂಡು.

"ಏನದು?"

"ಕಾರಿನ ಲಾಕ್ ಬಿಚ್ಚಿದ್ರೆ ಒಳಗೆ ಸಿಕ್ತು. ಕುಂಕುಮ ನೋಡು. ಹರಳೆಣ್ಣೆ ಮೂಸು. ಈ ಕೀ ಎಲ್ಲಿತ್ತು ಚಿಕ್ಕಪ್ಪ? ಆ ವರ್ಷ ದೇವ್ರ ಪೆಟ್ಗೆ ಯಾರ ಮನೇಲಿತ್ತು?"

ರಾಮಾಂಜಿನಯ್ಯ ತುಂಡನ್ನು ಮುಟ್ಟದೆ ಬಗ್ಗಿ ನೋಡಿದ. ಮನೆಯೊಳಗಿನಿಂದ ಚಿಕ್ಕಗಂಗಮ್ಮ ಚೊಂಬಿನಲ್ಲಿ ನೀರು ತಂದು, ಕೊಡಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತಳು.

"ನಮ್ಮನೇಲೇ ಇತ್ತು," ಎಂದ ಅವನು. "ಆದ್ರೆ ಇದು ಆ ಕೀ ಅಲ್ಲ. ಅದು ಗಂಟಲ್ಲೇ ಐತೆ."

"ಸುಳ್ಳು."

"ಏಯ್! ಬ್ಯಾರೆ ಏನ್ ಬೇಕಾದ್ರೂ ಅನ್ನು. ಅಣ್ಣನ್ನ ತಿಂದೋನು ಅಂತ ಆಮೇಲಾಮೇಲೆ ಊರೂ ಅಂದೈತೆ. ನಿಮ್ಮವ್ವ ದೇವಸ್ಥಾನದ ಮುಂದೆ ಮಣ್ಣು ತೂರಿ ಶಾಪ ಹಾಕವ್ಳೆ. ನನ್ನ ಮಗ್ಳನ್ನ ಕೇಳಕ್ಕೆ ಒಬ್ಬ ಬರ್ಲಿಲ್ಲ, ಎಲ್ಲಾ ನುಂಗ್ಕೊಂಡೆ. ದೇವ್ರ ಗಂಟಿನ ಮೇಲೆ ಸುಳ್ಳು ಹೇಳೋ ನನ್ಮಗ ಅಲ್ಲ ನಾನು."

"ಹಂಗಾದ್ರೆ ತೋರ್ಸು."

"ತೋರಿಸ್ತೀನಿ. ಈ ವರ್ಷವೂ ನನ್ನ ಸರದೀನೇ. ಮೈ ತೊಳ್ಕೊಂಡು ಬತ್ತೀನಿ, ತಡಿ."

ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳಿತು. ತಪ್ಪಿಸಿಕೊಳ್ಳುವ ಉಪಾಯವೋ ಎಂದು ಪ್ರೇಮಲತಾ ಹೋಗಿ ಹಿತ್ತಿಲ ಬಾಗಿಲಿಗೆ ಅಡ್ಡ ನಿಂತಳು. ಚಿಕ್ಕಗಂಗಮ್ಮ ಚೊಂಬು ಚಾಚಿದಳು.

"ಬಿಸ್ಲಲ್ಲಿ ಬಂದಿದೀಯ. ಒಂದು ಗುಟುಕು..."

"ಬ್ಯಾಡ ಚಿಕ್ಕವ್ವ."

ಚಿಕ್ಕಗಂಗಮ್ಮ ಕೈ ಹಿಂದೆಳೆದುಕೊಂಡಳು. ಚೊಂಬನ್ನು ಜಗುಲಿಯ ಮೇಲಿಟ್ಟಳು.

ರಾಮಾಂಜಿನಯ್ಯ ಒದ್ದೆ ಪಂಚೆಯಲ್ಲೇ ಬಂದ. ನಡುಮನೆಯಲ್ಲಿ ಪೆಟ್ಟಿಗೆ ಇಳಿಸಿ, ಕೈಮುಗಿದು, ಹಳದಿ ಗಂಟನ್ನು ಎರಡು ಕೈಯಲ್ಲಿ ಎತ್ತಿದ. ಬಟ್ಟೆಯ ಬಣ್ಣ ಮಾಸಿ ಮಣ್ಣಾಗಿತ್ತು. ಮೇಲಿಂದಲೇ ಬೆರಳಾಡಿಸಿದ.

"ಇಲ್ನೋಡು. ಮುಟ್ಟು. ಕೀ ಐತೋ ಇಲ್ವೋ?"

ಬಟ್ಟೆಯ ಕೆಳಗೆ ಕೀಯ ಗಡಸು ಬೆರಳಿಗೆ ಸಿಕ್ಕಿತು. ಪ್ರೇಮಲತಾ ಮತ್ತೊಮ್ಮೆ ಒತ್ತಿ ನೋಡಿದಳು.

"ಬಿಚ್ಚು."

"ಅಣ್ಣ ಹೋದ್ಮೇಲೆ ಇದನ್ನ ಬಿಚ್ಚಿಲ್ಲ ಕಣವ್ವ. ಸಾವಿನ ಗಾಡಿ ಕೀಗೆ ಪೂಜೆ ಬ್ಯಾಡ ಅಂತ ನಿಮ್ಮವ್ವನೇ ಹೇಳಿ ಕಳಿಸಿದ್ಲು. ಯುಗಾದಿಗೆ ಪಾಲಿನೋರ ಮನೆಗೆ ಕೊಡುವಾಗ್ಲೂ ಮೇಲಿಂದ ಮುಟ್ಟಿ ನೋಡಿ ಇಸ್ಕೊಳ್ಳೋದು. ಅಷ್ಟೇಯ."

"ಬಿಚ್ಚು ಚಿಕ್ಕಪ್ಪ."

ಗಂಟು ಬಿಗಿದು ಗಟ್ಟಿಯಾಗಿತ್ತು. ಹಲ್ಲಿಗೆ ಕೊಟ್ಟು ಸಡಿಲಿಸಬೇಕಾಯಿತು. ಬಟ್ಟೆ ಬಿಚ್ಚಿಕೊಂಡಿತು. ಬೆಳ್ಳಿಯ ಕಣ್ಣು, ಪಂಪ್‌ಸೆಟ್ಟಿನ ಒಂದು ವಾಷರು, ಸವೆದ ಕುಡುಗೋಲಿನ ಮೊನೆ, ಮತ್ತೆ ಒಂದು ಕೀ.

"ನೋಡು! ನೋಡಿದ್ಯಾ? ಇಲ್ಲೇ ಐತೆ!" ರಾಮಾಂಜಿನಯ್ಯ ಹೆಂಡತಿಯ ಕಡೆ ತಿರುಗಿದ. ಅಷ್ಟು ದೊಡ್ಡ ಆಳು ಹುಡುಗನ ಹಾಗೆ ಅತ್ತ. "ಏಳು ವರ್ಷ! ಏಳು ವರ್ಷ ಕಳ್ಳನ ಹಂಗೆ ತಲೆ ಬಗ್ಗಿಸ್ಕೊಂಡು ತಿರುಗ್ದೆ ಕಣೇ ಗಂಗಾ! ಇಲ್ಲೇ ಐತೆ ನೋಡು!"

ಪ್ರೇಮಲತಾ ಕೀಯನ್ನು ಕೈಗೆತ್ತಿಕೊಂಡಳು.

ಅದು ಕಾರಿನ ಕೀಯೇ ಅಲ್ಲ. ತೂತುಮೂತಿಯ ಹಿತ್ತಾಳೆ ಕೀ, ಬೀಗದ್ದು. ತಲೆ ಸೀಳಿತ್ತು. ಸೀಳಿದ ತಲೆಗೆ ತಾಮ್ರದ ತಂತಿ ಸುತ್ತಿತ್ತು. ತಂತಿಯ ಒಂದು ಕಡೆ ಚಪ್ಪಟೆಯಾಗಿ, ಚಿಕ್ಕ ಹಲ್ಲುಗಳ ಗುರುತು.

ಅವಳದೇ ಹಲ್ಲು.

ಹೊರಗೆ ಕಾಗೆಯೊಂದು ಸುಲಿದ ಸಿಪ್ಪೆಯ ಗುಡ್ಡೆಯ ಮೇಲೆ ಕೂತು ಕೂಗುತ್ತಿತ್ತು. ಪ್ರೇಮಲತಾ ತನ್ನದಲ್ಲದ ಧ್ವನಿಯಲ್ಲಿ ಕೇಳಿದಳು:

"ಚಿಕ್ಕವ್ವ. ಕಡೇ ಸಲ ಈ ಗಂಟು ಕಟ್ಟಿದ್ಯಾರು?"

"ಇನ್ಯಾರು? ಅಕ್ಕಾನೇ," ಎಂದಳು ಚಿಕ್ಕಗಂಗಮ್ಮ, ಕಣ್ಣೊರೆಸಿಕೊಳ್ಳುತ್ತ. "ಕಾರಿನೋರ ಮನೆ ಹೆಣ್ಣೇ ಕಟ್ಬೇಕಲ್ಲ? ಗಂಡಸ್ರು ಮಾತು ಬುಟ್ಟಿದ್ರು, ನಾವಿಬ್ರೂ ಬುಟ್ಟಿರ್ಲಿಲ್ಲ. ಆಯುಧಪೂಜೆ ದಿನ ಬಂದು, ಕುಂಕುಮ ಹಚ್ಚಿ, ತಾನೇ ಬಿಗಿದು ಕಟ್ಟಿ ಹೋದ್ಲು. ಅದೇ ವಾರ ತಾನೇ ಭಾವ..."

ಅವಳು ಕೆರೆಯ ದಿಕ್ಕಿಗೆ ನೋಡಿದಳು.

ಏಳು ವರ್ಷ ಪ್ರೇಮಲತಾಳ ಸೇಡಿಗೆ ಒಂದು ಮುಖವಿತ್ತು. ಆ ಮುಖ ಈಗ ಎದುರಿಗೆ ಕೂತು ಟವೆಲ್ಲಿನಲ್ಲಿ ಮೂಗು ಒರೆಸಿಕೊಳ್ಳುತ್ತಿತ್ತು.

ಕೀ ತುಂಡು ಸಿಕ್ಕಾಗಿನಿಂದ ಒಂದು ಪ್ರಶ್ನೆ ಅವಳನ್ನು ಕಾಡಿತ್ತು. ಕೊಂದವರಿಗೆ ಕಾರು ಬೇಕಿದ್ದರೆ ಅಪ್ಪನ ಸೊಂಟದಲ್ಲೇ ಕೀ ಇತ್ತಲ್ಲ, ಅದನ್ನು ಯಾಕೆ ಬಿಚ್ಚಲಿಲ್ಲ? ಈಗ ಕೇಳಿಕೊಳ್ಳಬೇಕಾಗಿರಲಿಲ್ಲ. ಗಂಡಸು ಸತ್ತ ಮೇಲೆಯೇ ಉಡುದಾರ ಕಡಿಯುವುದು. ಉಸಿರಾಡುತ್ತಿರುವ ಗಂಡನ ಉಡುದಾರಕ್ಕೆ ಕೈ ಹಾಕುವ ಹೆಂಗಸು ಈ ಸೀಮೆಯಲ್ಲಿಲ್ಲ. ಅವನ ಸಾವನ್ನು ಬಯಸಿದವಳಿಗೂ ಅಷ್ಟು ಧೈರ್ಯ ಬರುವುದಿಲ್ಲ. ಕಾರಿನ ಕೀ ತೆಗೆದುಕೊಂಡು, ಗಂಟಿನ ಭಾರ ಹಾಗೇ ಇರಲೆಂದು ಅವ್ವ ತನ್ನ ಸೆರಗಿನಲ್ಲಿದ್ದ ಟ್ರಂಕಿನ ಕೀಯನ್ನು ಬಿಚ್ಚಿ ಒಳಗಿಟ್ಟಿದ್ದಳು.

ಆದರೆ ಅವ್ವನಿಗೆ ಕಾರು ಓಡಿಸಲು ಬರುವುದಿಲ್ಲ.

ಬ್ಯಾಗಿನಲ್ಲಿ ಫೋನ್ ಹೊಡೆದುಕೊಂಡಿತು. ಅವ್ವ.

"ಏನಾಯ್ತವ್ವ? ಸಿಕ್ಕಿದ್ನಾ ಅವ್ನು?"

"ಸಿಕ್ಕವ್ನೆ."

"ಏನಂದ?" ದೊಡ್ಡಗಂಗಮ್ಮನಿಗೆ ಏದುಸಿರು. "ಗಂಟು ಬಿಚ್ಚುದ್ನಾ? ಬಿಚ್ಚಿಸಬ್ಯಾಡ ಕಣವ್ವ. ಸಾವಿನ ಕೀ ಅದು. ಮುಟ್ಟಿದೋರಿಗೆ ಒಳ್ಳೇದಾಗಕಿಲ್ಲ."

ಪ್ರೇಮಲತಾ ಗಂಟಿನ ಮಾತನ್ನು ಅವ್ವನಿಗೆ ಹೇಳಿಯೇ ಇರಲಿಲ್ಲ. ಕುಂಕುಮದ ತುಂಡನ್ನು ಕಂಡವನು ಇಡೀ ತುಮಕೂರಿನಲ್ಲಿ ಒಬ್ಬನೇ.

ಆಗ ಫೋನಿನೊಳಗೆ, ಅವ್ವನ ಪಕ್ಕದಿಂದ, ಗಂಡಸಿನ ಧ್ವನಿ ಮೆಲ್ಲಗೆ ಕೇಳಿತು:

"ಏನಂತಾಳೆ ಅವ್ಳು?"

ಬೆಳಿಗ್ಗೆಯಿಂದ ಮಾತುಮಾತಿಗೂ ಅಕ್ಕ, ಅಕ್ಕ ಎನ್ನುತ್ತಿದ್ದ ಧ್ವನಿ. ಹೊಸ ಲಾಕಿನ ಎರಡನೆಯ ಕೀ ಇನ್ನೂ ಅವನ ಬಳಿಯೇ ಇತ್ತು.

ಪ್ರೇಮಲತಾ ಕಣ್ಣು ಮುಚ್ಚಿದಳು. ತೆರೆದಾಗ ಧ್ವನಿ ಮೊಸರಿನ ಹಾಗೆ ತಣ್ಣಗಿತ್ತು.

"ಇಲ್ಲ ಕಣವ್ವ. ಬಿಚ್ಚಿಲ್ಲ. ಅವ್ನು ಪೆಟ್ಗೆ ಮುಟ್ಟಕ್ಕೇ ಬಿಡ್ಲಿಲ್ಲ. ಬತ್ತಾ ಇದೀನಿ ಬುಡು."

ಫೋನ್ ಇಟ್ಟಳು. ಜಗುಲಿಗೆ ಹೋಗಿ ಚಿಕ್ಕವ್ವ ಇಟ್ಟಿದ್ದ ಚೊಂಬನ್ನು ಎತ್ತಿ, ನಿಂತಲ್ಲೇ ತಳ ಕಾಣುವವರೆಗೆ ಗಟಗಟ ಕುಡಿದಳು. ಚಿಕ್ಕಗಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಚಿಕ್ಕಪ್ಪ," ಎಂದಳು ಪ್ರೇಮಲತಾ, ತಾಮ್ರದ ತಂತಿಯ ಕೀಯನ್ನು ಹಳದಿ ಬಟ್ಟೆಯ ಮೇಲೆ ಇಡುತ್ತ. "ಮೊದ್ಲು ಹೆಂಗಿತ್ತೋ ಹಂಗೇ ಕಟ್ಟು. ಪೆಟ್ಗೆ ಸಮೇತ ಕಾರಲ್ಲಿಡು, ನೀನೂ ಹತ್ತು. ಕಟ್ಟಿದೋಳ ಕೈಲೇ ಬಿಚ್ಚಿಸ್ತೀನಿ."